ಗಂಗಮ್ಮನ ಮೊಳ

‘ಅಯ್ಯೋ ಪಾಪ’ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಈ ಮಾತನ್ನು ನಾನು ಕೇಳಿದಷ್ಟು ಗಾಂಧಿ ಬಜಾರಿನಲ್ಲಿ ಬೇರೆ ಯಾರೂ ಕೇಳಿರಲಾರರು. ಕಾಫಿ ಲೋಟ ಎತ್ತಿದರೆ ಪಾಪ, ಆಟೋ ಹತ್ತಿದರೆ ಪಾಪ. ದೇವರ ದಯೆಯಿಂದ ಕಾಲು ಬೇಗ ಸರಿಹೋಯಿತು. ಬಾಯಿಗಂತೂ ಏನೂ ಆಗಲಿಲ್ಲ, ಅದಕ್ಕೆ ನನ್ನ ಮಗನೇ ಸಾಕ್ಷಿ. ಬಲಗೈ ಮಾತ್ರ ಹಟ ಹಿಡಿಯಿತು. ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ಕೂತುಬಿಟ್ಟವು.

ಹೂವು ಮಾರುವವಳಿಗೆ ಬಲಗೈ ಅಂದರೆ ಅಂಗಡಿಯೇ. ಕಟ್ಟುವುದೂ ಅದೇ, ಅಳೆಯುವುದೂ ಅದೇ. ಪಕ್ಕದ ಬುಟ್ಟಿಯ ಲಕ್ಕಮ್ಮ ಒಳ್ಳೆಯವಳು. ‘ಗಂಗಕ್ಕ, ನಾನೇ ಕಟ್ಟಿಕೊಡ್ತೀನಿ, ನೀನು ಸುಮ್ನೆ ಕೂತ್ಕೊಂಡು ಮಾರು’ ಅಂದಳು. ನಾನೂ ಒಪ್ಪಿಕೊಂಡೆ. ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿ ಬೆರಳು ಬಿಡಿಸುವ ವ್ಯಾಯಾಮ ಹೇಳಿಕೊಟ್ಟಿದ್ದಳು. ಒಂದು ಸಲ ಎಳೆದರೆ ಹೆಗಲಿನವರೆಗೆ ನೋವು ಹರಿಯುತ್ತಿತ್ತು, ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮಗ ಶಿವಶಂಕರ ಕೇಳಿದರೆ ‘ಆಯ್ತಪ್ಪ’ ಅನ್ನುತ್ತಿದ್ದೆ. ಕಟ್ಟಲು ಲಕ್ಕಮ್ಮ ಇದ್ದಾಳೆ, ಅಳೆಯಲು ಕೈ ಹೇಗೋ ಚಾಚುತ್ತದೆ, ಇನ್ನೇನು ಬೇಕು ಅಂತ ಹಾಯಾಗಿದ್ದೆ.

ಒಂದು ಶುಕ್ರವಾರ ತುಳಸಮ್ಮನವರು ಬಂದರು. ರಿಟೈರಾದ ಸ್ಕೂಲ್ ಮೇಡಂ, ನಾಗಸಂದ್ರ ರಸ್ತೆಯ ಕಡೆ ಮನೆ. ನಾನು ಮದುವೆಯಾಗಿ ಬಂದು ಅತ್ತೆಯ ಬುಟ್ಟಿಯ ಪಕ್ಕ ಕೂತಾಗಿನಿಂದ ಪ್ರತಿ ಶುಕ್ರವಾರ ಎರಡು ಮೊಳ ಕಾಕಡ ಅವರಿಗೆ. ಅವತ್ತು ಹೂವು ತಗೊಂಡವರು ಹೋಗಲಿಲ್ಲ, ನಿಂತರು.

‘ಗಂಗಮ್ಮ, ನಿನ್ನ ಮೊಳ ಗಿಡ್ಡ ಆಗಿದೆ.’

‘ಏನಂದ್ರಿ ಅಮ್ಮಾ?’

‘ನಮ್ಮನೆ ರಾಮರ ಪಟ್ಟಾಭಿಷೇಕದ ಫೋಟೋಗೆ ಹಾಕಿದ್ರೆ ಹಾರ ಹನುಮಂತನ ತಲೆ ಮುಟ್ತಿತ್ತು. ಈಗ ಸೀತಮ್ಮನ ಸೊಂಟದ ಹತ್ರಾನೇ ನಿಂತ್ಬಿಡುತ್ತೆ. ಫೋಟೋ ಏನೂ ಬೆಳೆದಿಲ್ಲ ಕಣೆ.’

ಲಕ್ಕಮ್ಮ ನಡುವೆ ಬಾಯಿ ಹಾಕಿದಳು. ‘ಏನಮ್ಮಾ ನೀವು, ಪಾಪ, ಲಕ್ವ ಹೊಡೆದಿರೋ ಹೆಂಗಸಿನ ಹತ್ರ ಹಿಂಗಾ ಮಾತಾಡೋದು?’

‘ಲಕ್ವ ಹೊಡೆದಿರೋದು ಇವಳಿಗೆ, ನನ್ನ ರಾಮನಿಗಲ್ಲ’ ಅಂದು ಮೇಡಂ ಹೊರಟೇಹೋದರು.

ನನಗೆ ಬಂದ ಸಿಟ್ಟಿಗೆ ಬುಟ್ಟಿಯನ್ನೇ ಅವರ ಬೆನ್ನಿಗೆ ಎಸೆಯಬೇಕು ಅನ್ನಿಸಿತು. ನಮ್ಮ ಅತ್ತೆಯ ಕಾಲದಿಂದ ನಮ್ಮ ಬುಟ್ಟಿಯ ಮೊಳದ ಬಗ್ಗೆ ಯಾರೂ ಸೊಲ್ಲೆತ್ತಿದವರಲ್ಲ. ‘ಗಿಡ್ಡವಂತೆ!’ ಅಂತ ಬೈಯುತ್ತಲೇ ಕೈ ಚಾಚಿ ನೋಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಮೊಳ ಅಂದರೆ ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ. ನನ್ನ ನಡುಬೆರಳು ಮಡಚಿಕೊಂಡಿತ್ತು, ಹೂವು ಬೆರಳಿನ ಗೆಣ್ಣಿಗೇ ನಿಲ್ಲುತ್ತಿತ್ತು. ನಾನು ಅದೇ ಕೈ, ಅದೇ ಮೊಳ ಅಂದುಕೊಂಡು ಕತ್ತರಿಸಿ ಕೊಡುತ್ತಿದ್ದೆ.

ಹೂವು ಕಮ್ಮಿಯಾದದ್ದು ಬೇರೆಯವರ ಕಣ್ಣಿಗೂ ಬಿದ್ದಿರಲೇಬೇಕು. ಪಾಪ ಅಂತ ಸುಮ್ಮನೆ ತಗೊಂಡು ಹೋಗಿದ್ದರು. ನಾನು ವ್ಯಾಪಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ, ಅವರು ಭಿಕ್ಷೆ ಹಾಕುತ್ತಿದ್ದರು. ಅವತ್ತು ಚಾಮರಾಜಪೇಟೆಯ ಮನೆಗೆ ಹೋಗುವವರೆಗೂ ಆಟೋದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ವಿಷಯ ಕೇಳಿ ಶಿವಶಂಕರ ಮಾರನೇ ದಿನವೇ ಒಂದು ಕೋಲು ತಂದ. ನುಣ್ಣಗೆ ಹೆರೆಸಿ, ಪಾಲಿಶ್ ಬೇರೆ ಮಾಡಿಸಿದ್ದ.

‘ಅಮ್ಮ, ಇದು ಸರಿಯಾಗಿ ಒಂದು ಮೊಳ. ಇನ್ಮೇಲೆ ಕೈಗೆ ಕಷ್ಟಾನೇ ಇಲ್ಲ.’

‘ಅದೇ ಕಣೋ ತೊಂದ್ರೆ’ ಅಂದೆ. ‘ಇವತ್ತು ನನ್ನ ಕೈ ಜಾಗದಲ್ಲಿ ಕೋಲು ಕೂರುತ್ತೆ, ನಾಳೆ ನನ್ನ ಜಾಗದಲ್ಲಿ ಯಾರು ಕೂರ್ತಾರೆ?’

‘ಹೋಗ್ಲಿ, ಎಡಗೈಲಾದ್ರೂ ಅಳೆ.’

‘ದೇವರ ಹೂವಾ ಎಡಗೈಲಿ? ನಿಮ್ಮಜ್ಜಿ ಎದ್ದು ಬಂದು ಬಾರಿಸ್ತಾಳೆ.’

ಕೋಲನ್ನು ನಾನು ಬಿಸಾಡಲಿಲ್ಲ. ಬಸವನಗುಡಿಯಲ್ಲಿ ಬಸವಗಳಿಗೇನು ಬರವೇ, ಬುಟ್ಟಿಗೆ ಮೂತಿ ಹಾಕಲು ಬಂದಾಗ ಬೀಸಲು ಇಟ್ಟುಕೊಂಡೆ. ಬೆರಳು ನೆಟ್ಟಗಾಗುವವರೆಗೆ ಮೊಳಕ್ಕೆ ನಾಲ್ಕು ಬೆರಳು ಕೊಸರು ಹಾಕಿಕೊಡುವುದು ಅಂತ ತೀರ್ಮಾನ ಮಾಡಿದೆ. ಕೇಳಿದವರಿಗೂ ಕೊಸರು, ಕೇಳದವರಿಗೂ ಕೊಸರು.

ಆಮೇಲೆ ಶುರುವಾಯಿತು ನನಗೂ ಬೆರಳಿಗೂ ಜಗಳ. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ, ಅಡುಗೆಮನೆ ಕಟ್ಟೆಯ ಮೇಲೆ ಅಂಗೈ ಊರಿ, ಎಡಗೈಯಿಂದ ಒಂದೊಂದೇ ಬೆರಳನ್ನು ಒತ್ತಿ ಚಪ್ಪಟೆ ಮಾಡುವುದು. ‘ನೋವು ಬರುತ್ತೆ ಅಮ್ಮ, ಬಂದ್ರೆ ಹೆದರ್ಬೇಡಿ. ಹಾಗಂತ ರೊಚ್ಚಿಗೆದ್ದು ಮುರ್ಕೊಳ್ಳೋಕೂ ಹೋಗ್ಬೇಡಿ’ ಅಂದಿದ್ದಳು ಆಸ್ಪತ್ರೆಯ ಆ ಹುಡುಗಿ. ನೋವು ಬಂದರೆ ಮೊದಲು ನಿಲ್ಲಿಸುತ್ತಿದ್ದವಳು ಈಗ ‘ಬಾ, ನೀನೂ ಕೂತ್ಕೋ’ ಅಂದೆ. ಕಣ್ಣಲ್ಲಿ ನೀರು ಬಂದರೆ ಬರಲಿ, ಕಟ್ಟೆ ಒರೆಸುವ ಬಟ್ಟೆ ಪಕ್ಕದಲ್ಲೇ ಇತ್ತು. ಕೆಲವು ದಿನ ಬೆರಳು ಸ್ವಲ್ಪ ಬಿಟ್ಟುಕೊಡುತ್ತಿತ್ತು, ಮಾರನೇ ದಿನ ಮತ್ತೆ ಮಡಚಿಕೊಂಡು ನನ್ನನ್ನೇ ಅಣಕಿಸುತ್ತಿತ್ತು. ಆಗ ಅದಕ್ಕೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು.

ಲಕ್ಕಮ್ಮನಿಗೂ ಇನ್ನು ಕಟ್ಟಿಕೊಡುವುದು ಬೇಡ ಅಂದೆ. ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಮೊಂಡುಬಿದ್ದ ಬೆರಳುಗಳಿಂದಲೇ ಗಂಟು ಹಾಕಿದೆ. ಒಂದು ಹೂವು ಚಾಮರಾಜಪೇಟೆ ಕಡೆ ನೋಡಿದರೆ ಇನ್ನೊಂದು ಜಯನಗರದ ಕಡೆ ನೋಡುತ್ತಿತ್ತು. ಗಿರಾಕಿಗಳು ನನ್ನ ಹಾರ ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟು, ಲಕ್ಕಮ್ಮನ ಬುಟ್ಟಿಗೆ ಹೋದರು. ಅವಳಿಗೆ ಬೇಜಾರು. ‘ಯಾಕಕ್ಕ ಈ ಹಟ? ನಿನಗೆ ಸಹಾಯ ಮಾಡೋದೂ ತಪ್ಪಾ?’ ಅಂದಳು.

‘ತಪ್ಪಲ್ಲ ಕಣೆ. ನೀನು ಕಟ್ತಾ ಇದ್ರೆ ನನ್ನ ಕೈ ಮಲಗೇ ಇರುತ್ತೆ’ ಅಂದೆ. ಅವಳು ಎರಡು ದಿನ ಮಾತು ಬಿಟ್ಟಳು. ಅದನ್ನೂ ಸಹಿಸಿಕೊಂಡೆ. ಕೊಳೆತರೂ ಸರಿ, ನನ್ನ ಹೂವನ್ನು ನಾನೇ ಕಟ್ಟುತ್ತೇನೆ ಅಂತ ಕೂತೆ. ಬರಬರುತ್ತಾ ಹೂವುಗಳೆಲ್ಲ ಒಂದೇ ಕಡೆ ನೋಡತೊಡಗಿದವು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಗದ್ದಲದಲ್ಲಿ ತುಳಸಮ್ಮನವರು ನುಗ್ಗಿಕೊಂಡು ಬಂದರು. ಅವರೇನು ನಡುವೆ ಬರುವುದು ಬಿಟ್ಟಿರಲಿಲ್ಲ, ಶುಕ್ರವಾರಗಳಲ್ಲಿ ಬಂದು, ಕೊಸರು ಸೇರಿಸಿ ತಗೊಂಡು ಹೋಗುತ್ತಿದ್ದರು. ಅವತ್ತು ಚೀಲದಿಂದ ಒಂದು ಹಳೆಯ ಡಬ್ಬಿ ತೆಗೆದರು. ಹಳೇ ಹಾರಗಳ ಬಾಳೆನಾರನ್ನು ಸುತ್ತಿಟ್ಟು, ಕರಿಬೇವಿನ ಕಟ್ಟಿಗೋ ಮತ್ತೊಂದಕ್ಕೋ ಬಳಸುವ ಮನೆ ಅವರದು. ಡಬ್ಬಿಯೊಳಗಿಂದ ಒಂದು ನಾರು ಎಳೆದರು. ಹೂವು ಒಣಗಿ ಉದುರಿತ್ತು, ಗಂಟುಗಳು ಹಾಗೇ ಇದ್ದವು.

‘ಇದು ನಿನಗೆ ಹುಷಾರು ತಪ್ಪೋಕೆ ಮುಂಚಿನದು. ಎರಡು ಮೊಳ. ಇವತ್ತು ಕೊಸರು ಬೇಡ, ಬರೀ ಮೊಳ ಹಾಕು.’

ಗಂಟುಗಳು ನನ್ನವೇ, ನೋಡಿದ ಕೂಡಲೇ ಗೊತ್ತಾಯಿತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತಾರೆ, ಈ ನಾರು ಮಾತ್ರ ನನ್ನ ಮೇಲೆ ಸಾಕ್ಷಿ ಹೇಳಲು ವಾಪಸ್ಸು ಬಂದಿತ್ತು. ಸುತ್ತಲಿನ ಗಿರಾಕಿಗಳು ಚೌಕಾಶಿ ಬಿಟ್ಟು ನಮ್ಮ ಕಡೆ ತಿರುಗಿದರು.

ನಾನೇ ಕಟ್ಟಿದ ಕಾಕಡ ಎತ್ತಿಕೊಂಡೆ. ಬಲಗೈ ಚಾಚಿದೆ. ಬೆರಳು ಬಿಡಿಸಿದೆ. ಹೆಗಲಿನವರೆಗೆ ನೋವು ಹರಿಯಿತು, ನಡುಬೆರಳು ಮೆಲ್ಲಗೆ ಮೇಲೆದ್ದಿತು. ಒಂದು ಮೊಳ. ಉಸಿರು ಬಿಗಿಹಿಡಿದು ಇನ್ನೊಂದು ಮೊಳ. ಕತ್ತರಿಸಿ ಮುಂದಿಟ್ಟೆ. ಹಣೆಯಿಂದ ಬೆವರು ಹೂವಿನ ಮೇಲೆ ಬೀಳದಂತೆ ಮುಖ ತಿರುಗಿಸಿಕೊಂಡೆ.

ಮೇಡಂ ನಾರನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಕಣ್ಣು ತುಂಬಿತ್ತು.

‘ಸಾಕು ಕಣೆ ಗಂಗಮ್ಮ. ಸರಿಯಾಗಿದೆ, ಕೊಡು.’

ಇವರ ಬಾಯಲ್ಲೂ ಅದೇ ಪಾಪ ಬಂತಲ್ಲ ಅನ್ನಿಸಿತು. ಇಷ್ಟು ದಿನದಲ್ಲಿ ನನ್ನನ್ನು ಹೂವು ಮಾರುವವಳು ಅಂತ ನೋಡಿದ್ದು ಇವರೊಬ್ಬರೇ. ಕಮ್ಮಿಯಾದರೆ ಕಮ್ಮಿ ಅಂದವರು ಇವರೊಬ್ಬರೇ. ಅವರ ಮೇಲಿನ ಸಿಟ್ಟಿನಲ್ಲೇ ನಾನು ದಿನಾ ಆ ಕಟ್ಟೆಯ ಮೇಲೆ ಕೈ ಊರಿದ್ದೆ.

‘ನೀವೂ ಶುರು ಮಾಡಿದ್ರಾ ಅಮ್ಮಾ?’ ಅಂದೆ. ‘ಅಳೀದೇ ಹೆಂಗ್ರೀ ಸರಿಯಾಗಿದೆ ಅಂತೀರಾ? ನಾರು ಹಾಕಿ ನೋಡಿ.’

‘ಬೇಡ ಬಿಡೆ.’

‘ಹಾಕಿ ಅಂದ್ನಲ್ಲ!’

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ನಾರನ್ನು ಹಾರದ ಪಕ್ಕ ಇಟ್ಟು ಎಳೆದರು. ಲಕ್ಕಮ್ಮ ತನ್ನ ಬುಟ್ಟಿ ಬಿಟ್ಟು ಬಂದು ಬಗ್ಗಿದಳು. ‘ಆಯ್ತು! ಸರಿಹೋಯ್ತು ಬಿಡಿ!’ ಅಂತ ಕೂಗಿದಳು.

ಮೇಡಂ ಇನ್ನೂ ಬಗ್ಗಿ ನೋಡಿದರು. ಮತ್ತೆ ಅದೇ ಹಳೆಯ ಮೇಡಂ ದನಿ ಬಂತು.

‘ಒಂದು ಉಗುರು ಕಮ್ಮಿ.’

‘ಹಂಗೆ ಹೇಳಿ’ ಅಂದೆ. ಹೊಸ ಹಾರದ ನಾರನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಇನ್ನೆರಡು ಹೂವು ಸೇರಿಸಿ ಗಂಟು ಹಾಕಿ, ಎಲೆಯಲ್ಲಿ ಸುತ್ತಿ ಅವರ ಕೈಗಿಟ್ಟೆ. ‘ಆ ಹಳೇ ನಾರು ಕರಿಬೇವಿಗೆ ಕಟ್ಬಿಡಬೇಡಿ. ಗೌರಿ ಹಬ್ಬಕ್ಕೆ ಬರುವಾಗ ತನ್ನಿ.’

‘ತರದೆ ಬಿಡ್ತೀನಾ?’ ಅಂದರು ತುಳಸಮ್ಮನವರು.