ಮೊದಲು ಓದಿದ ಹೆಸರು

೨೦೧೨ರಲ್ಲಿ ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯ ಕನ್ನಡ ಸಂಘದ ಚುನಾವಣೆಗೆ ನಾನೇ ಚುನಾವಣಾಧಿಕಾರಿ. ಮತಪತ್ರ ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದವನೂ ನಾನೇ. ‘ಕನ್ನಡ ಸಂಘದಲ್ಲಿ ಕನ್ನಡ ಬೇಡವೋ?’ ಎಂದು ಸಭೆಯಲ್ಲಿ ಮೇಜು ಗುದ್ದಿದ್ದೆ. ಸ್ವಂತ ಮಗಳಿಗೇ ಅಕ್ಷರ ಕಲಿಸಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ಅಧ್ಯಕ್ಷ ಸ್ಥಾನಕ್ಕೆ ಇಬ್ಬರು. ಹನ್ನೆರಡು ವರ್ಷದಿಂದ ಕುರ್ಚಿಯಲ್ಲಿದ್ದ ಹೋಟೆಲಿನ ಮಧ್ವರಾಜಣ್ಣ, ಈ ಸಲ ಅವರಿಗೆ ಎದುರು ನಿಂತ ಪುಷ್ಪಾವತಿ. ನನ್ನನ್ನು ಉಡುಪಿಯಿಂದ ಕರೆತಂದು ಕೆಲಸಕ್ಕೆ ಹಚ್ಚಿದವರೇ ಮಧ್ವರಾಜಣ್ಣ.

ಮಧ್ಯಾಹ್ನ ಮಗಳು ಅಶ್ಮಿತಾ ತನ್ನ ಮೊದಲ ಓಟು ಹಾಕಲು ಬಂದಳು. ಮತಪತ್ರ ಹಿಡಿದು, “ಪಪ್ಪಾ, ಇಸ್ಮೇ ಕ್ಯಾ ಲಿಖಾ ಹೈ?” ಎಂದು ಹಿಂದಿಯಲ್ಲಿ ಕೇಳಿದಳು; ಬರೆದದ್ದು ಅವಳಿಗೆ ಓದಲಾಗಲಿಲ್ಲ. ಎರಡೂ ಹೆಸರು ಓದಿ ಹೇಳೋಣವೆಂದು ಮೊದಲನೆಯದರ ಮೇಲೆ ಬೆರಳಿಟ್ಟು, “ಇದು ಮಧ್ವರಾಜಣ್ಣ” ಎಂದೆ. ಬೆರಳು ಕೆಳಗೆ ಸರಿಸುವ ಮೊದಲೇ ಅವಳು ಅಲ್ಲಿ ಮುದ್ರೆ ಒತ್ತಿ ಪೆಟ್ಟಿಗೆಗೆ ಹಾಕಿಬಿಟ್ಟಳು.

“ಏ, ಇನ್ನೊಂದು ಹೆಸರು ಉಂಟಲ್ಲ ಮಾರಾಯ್ತಿ!”

“ಆಪ್ ನೇ ಹೀ ತೋ ದಿಖಾಯಾ.” ನಾನೇ ತೋರಿಸಿದ್ದಂತೆ!

ಯಾರೂ ನೋಡಿರಲಿಲ್ಲ. ಆದರೂ ಪುಷ್ಪಾವತಿಯ ಕಡೆಯ ದೇಜಪ್ಪ ಬಂದು, “ಎಲ್ಲ ಸರಿ ಉಂಟಲ್ಲ?” ಎಂದದ್ದೇ ತಡ, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡೆ. ಯಾರೇ ಗೆಲ್ಲಲಿ, ದೊಡ್ಡ ಅಂತರದಲ್ಲಿ ಗೆಲ್ಲಲಿ ದೇವರೇ ಎಂದು ಬೇಡಿಕೊಳ್ಳುತ್ತ ಮತ ಎಣಿಸಿದೆ.

ಮಧ್ವರಾಜಣ್ಣ ಎಂಬತ್ತೆಂಟು. ಪುಷ್ಪಾವತಿ ಎಂಬತ್ತೇಳು.

ಹೊರಗೆ ಮಧ್ವರಾಜಣ್ಣನ ಕಡೆಯವರು ಆಗಲೇ ಪಟಾಕಿಯ ಸರ ಬಿಚ್ಚುತ್ತಿದ್ದರು. ಫಲಿತಾಂಶ ಹೇಳಲು ಮೈಕು ಹಿಡಿದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅಶ್ಮಿತಾ ಹಿಂದಿನ ಸಾಲಿನಿಂದ ನನ್ನನ್ನೇ ನೋಡುತ್ತಿದ್ದಳು. ಮಧ್ವರಾಜಣ್ಣನ ಮುಖ ನೋಡಿದರೆ ಬಾಯಿ ಬಾರದೆಂದು ನೆಲ ನೋಡುತ್ತ ನಡೆದದ್ದನ್ನು ಹೇಳಿದೆ.

“ತಪ್ಪು ನನ್ನದು. ಇನ್ನೊಮ್ಮೆ ಮತದಾನ ಆಗಬೇಕು.”

“ಉಂಡ ಮನೆಗೆ ಎರಡು ಬಗೆದ!” ಎಂದು ಮಧ್ವರಾಜಣ್ಣನ ಕಡೆಯವರು ಕೂಗಿದರು. ಮಧ್ವರಾಜಣ್ಣ ಮಾತ್ರ ಎದ್ದು ಹೊರಗೆ ನಡೆದುಬಿಟ್ಟರು. ಆ ವಾರವಿಡೀ ನನಗೆ ಅನ್ನ ಸೇರಲಿಲ್ಲ.

ಮುಂದಿನ ಭಾನುವಾರದ ಮತಪತ್ರದಲ್ಲಿ ಕನ್ನಡದ ಕೆಳಗೆ ನಾಗರಿ ಲಿಪಿಯಲ್ಲೂ ಹೆಸರು ಹಾಕಿಸಿದೆ. ಓದಲು ಬಾರದ ನಾಚಿಕೆಗೆ ಮೊದಲ ಸಲ ಮನೆಯಲ್ಲೇ ಉಳಿದಿದ್ದ, ಹದಿನೆಂಟು ದಾಟಿದ ಮಕ್ಕಳೆಲ್ಲ ಬಂದು ಓಟು ಹಾಕಿದರು. ಮಧ್ವರಾಜಣ್ಣ ಹನ್ನೊಂದು ಮತಗಳಿಂದ ಸೋತರು.

ಎಲ್ಲರೂ ಹೋದ ಮೇಲೆ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಬೈಯುವುದಿದ್ದರೆ ಬೈದುಬಿಡಲಿ ಎಂದುಕೊಂಡು ತಲೆ ತಗ್ಗಿಸಿದೆ.

“ಮೋಹನಾ, ಮುಂದಿನ ಸಲ ನಾನು ಪುನಃ ನಿಲ್ತೇನೆ,” ಎಂದರು. “ಎಣಿಸುವವ ನೀನೇ ಆಗ್ಬೇಕು ಮಾರಾಯ.”