ಅಂದಾನೆಪ್ಪನ ಮಗ ನಿಂತದ್ದು

ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಅಂದಾನೆಪ್ಪನವರ ಮನೆಯಲ್ಲಿ ಅಪ್ಪನೆದುರು ಮಗ ಕೂಡುವ ಪದ್ಧತಿ ಇರಲಿಲ್ಲ. ಇದನ್ನು ಯಾರೂ ಗೋಡೆಗೆ ಬರೆದು ಹಾಕಿರಲಿಲ್ಲ. ಅಪ್ಪ ಪಡಸಾಲೆಗೆ ಬಂದರೆ ಮಗ ಏಳಬೇಕು, ಅಪ್ಪ ಹೋಗುವ ತನಕ ತಲೆ ತಗ್ಗಿಸಿ ನಿಂತೇ ಮಾತಾಡಬೇಕು, ಅಷ್ಟೆ. ಹಿರಿಯ ಮಗ ಪರಮಾನಂದ ಹೀಗೆ ನಿಂತು ನಿಂತೇ ಐವತ್ತು ದಾಟಿದ್ದ. ತನ್ನ ಮದುವೆಯ ಮಾತುಕತೆಯನ್ನೂ ಕಂಬಕ್ಕೆ ಆತುಕೊಂಡು ನಿಂತು ಕೇಳಿದವನು ಅವನು. ಹುಡುಗಿ ಯಾರೆಂದು ಕೇಳುವ ಧೈರ್ಯವೂ ಆಗ ಆಗಿರಲಿಲ್ಲ.

ಕಳೆದ ವರ್ಷ ಅವನು ಗೋದಾಮಿನಲ್ಲಿ ಬೆಲ್ಲದ ಒಟ್ಟಿಲಿನ ಮೇಲಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದ. ಹೊಸದರಲ್ಲಿ ಅಂದಾನೆಪ್ಪನವರು ಅವನ ಕೋಣೆಯ ಬಾಗಿಲಿಗೆ ಬರುತ್ತಿದ್ದರು, ಕೆಮ್ಮುತ್ತಿದ್ದರು, ಹೋಗುತ್ತಿದ್ದರು. ಆಮೇಲೆ ಬರುವುದನ್ನೇ ಬಿಟ್ಟರು. ಪಡಸಾಲೆಯಲ್ಲಿ ಗಾಲಿಕುರ್ಚಿ ಕಂಡರೆ ಸಾಕು, ಹಿತ್ತಲಿಗೆ ಹೋಗಿ, ಎಮ್ಮೆಯ ಸಗಣಿ ದಾಟಿ, ಸಂದಿಯಲ್ಲಿ ನುಸುಳಿ ಬೀದಿಗೆ ಬರುತ್ತಿದ್ದರು. ಊರಿನ ಹಿರಿಯ ವ್ಯಾಪಾರಿ ತನ್ನ ಮನೆಯಿಂದ ತಾನೇ ಕಳ್ಳನ ಹಾಗೆ ಹೊರಬೀಳುವುದನ್ನು ನೋಡಿ ಎಮ್ಮೆಗೂ ರೂಢಿಯಾಯಿತು.

ಪರಮಾನಂದ ಇದಕ್ಕೆ ತನ್ನದೇ ಅರ್ಥ ಹಚ್ಚಿಕೊಂಡ. ಕೂತುಕೊಂಡು ಮಾತಾಡುವ ಮಗನನ್ನು ಅಪ್ಪ ಯಾವ ಬಾಯಿಂದ ಮಾತಾಡಿಸಿಯಾರು? ಕಾಲು ಹೋದದ್ದಕ್ಕಿಂತ ಅಪ್ಪ ಬರುವುದು ನಿಂತದ್ದೇ ಅವನನ್ನು ಹೆಚ್ಚು ತಿಂದಿತು. ಅದನ್ನು ಹೆಂಡತಿ ರಾಜಶ್ರೀಗೂ ಹೇಳಲಿಲ್ಲ.

ಜಮಖಂಡಿಯಿಂದ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಅಕ್ಷತಾ ಒಂದು ದಿನ, ಕೂತವರನ್ನು ಎಬ್ಬಿಸಿ ನಿಲ್ಲಿಸುವ ಚೌಕಟ್ಟಿನ ಸುದ್ದಿ ತೆಗೆದಳು.

"ದಿನಾ ಒಂದಿಷ್ಟು ಹೊತ್ತು ನಿಂತ್ರ ಎಲುಬು ಗಟ್ಟಿ ಉಳೀತಾವ್ರಿ ಕಾಕಾರ. ಮೊಣಕಾಲು ಸೆಟಿಯೂದಿಲ್ಲ, ಹೊಟ್ಟಿ ಸಾಫ್ ಆಗತೈತಿ. ಆದ್ರ ನಡ್ಯಾಕ ಬರತೈತಿ ಅಂತ ಮಾತ್ರ ನಾ ಹೇಳಾಂಗಿಲ್ಲ ಮತ್ತ."

"ನಡ್ಯೂದು ಬ್ಯಾಡ. ನಿಂದ್ರೂದು ಆದ್ರ ಸಾಕು," ಅಂದ ಪರಮಾನಂದ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಒಪ್ಪಿಸಲು ಸಾಕಷ್ಟು ತಯಾರಾಗಿ ಬಂದಿದ್ದ ಅಕ್ಷತಾಗೆ ಉಳಿದ ಮಾತುಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಚೌಕಟ್ಟು ಬಂತು. ಕೂಡುವ ಪಟ್ಟಿ, ಮೊಣಕಾಲಿಗೆ ಆಸರೆಯ ಮೆತ್ತೆ, ಎದೆಗೆ ಬೆಲ್ಟು, ಮುಂದೆ ಕೈಯಿಡಲು ಹಲಗೆ. ಪಕ್ಕದ ಹಿಡಿಕೆಯನ್ನು ಒತ್ತುತ್ತ ಹೋದರೆ ಪಟ್ಟಿ ಮೇಲೆದ್ದು ಮನುಷ್ಯನನ್ನು ನಿಲ್ಲಿಸುತ್ತಿತ್ತು. "ಟ್ರ್ಯಾಕ್ಟರ್ ಜ್ಯಾಕ್ ಇದ್ದಾಂಗ ಐತಿ," ಎಂದು ತಮ್ಮ ವೀರೇಶ ಪ್ರಮಾಣಪತ್ರ ಕೊಟ್ಟ. ತಾಯಿ ಶಿವವ್ವ ಅದಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆದಳು. ಮೊದಮೊದಲು ಅರ್ಧ ಎದ್ದರೇ ಪರಮಾನಂದನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಅಕ್ಷತಾ ಬಿಪಿ ನೋಡುತ್ತ, ತುಸು ಎಬ್ಬಿಸುತ್ತ, ಇಳಿಸುತ್ತ, ಕೊನೆಗೊಂದು ದಿನ ನೆಟ್ಟಗೆ ನಿಲ್ಲಿಸಿದಳು.

ಅವನು ನಿಂತದ್ದೇ ತಡ, ಹೊಸ ತಾಪತ್ರಯ ಶುರುವಾಯಿತು. ಅಣ್ಣ ನಿಂತ ಮೇಲೆ ತಮ್ಮ ಕೂಡುವ ಹಾಗಿಲ್ಲ, ವೀರೇಶ ಎದ್ದ. ಬೆಳ್ಳುಳ್ಳಿ ಸುಲಿಯುತ್ತಿದ್ದ ರಾಜಶ್ರೀ ಮೊರ ಹಿಡಿದುಕೊಂಡೇ ಎದ್ದಳು. ಆರೋಗ್ಯ ವಿಚಾರಿಸಲು ಬಂದ ನೆರೆಮನೆಯ ಗೌರೀಶ, ತನ್ನನ್ನು ಬೀಳ್ಕೊಡಲೆಂದೇ ಯಜಮಾನ ಎದ್ದಿದ್ದಾನೆಂದುಕೊಂಡು ಕುದಿಯುವ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಕಣ್ಣಲ್ಲಿ ನೀರು ತುಂಬಿಕೊಂಡು ಹೋದ.

"ನೀವೆಲ್ಲಾರೂ ಯಾಕ ನಿಂತೀರ್ರಿ?" ಅಕ್ಷತಾ ಕೇಳಿದಳು.

"ಅಣ್ಣ ನಿಂತಾನಲ್ರಿ ಮೇಡಮ್ಮಾರ," ಅಂದ ವೀರೇಶ.

ದಿನವೂ ಹೀಗೇ ನಡೆದು, ಆ ಮನೆಯಲ್ಲಿ ಎಲ್ಲರ ಎಲುಬುಗಳೂ ಗಟ್ಟಿಯಾಗತೊಡಗಿದವು.

ಯಾರು ಬರಬೇಕೋ ಅವರೊಬ್ಬರು ಬರಲಿಲ್ಲ. ಶಿವವ್ವ ಹೊರಗಿನ ಕಟ್ಟೆಗೆ ಹೋಗಿ, "ನಿಮ್ಮ ಮಗ ನಿಂತಾನ, ಬಂದು ನೋಡ್ರಿ," ಅಂದಳು. ಅಂದಾನೆಪ್ಪನವರು "ಹೂಂ" ಅಂದರು. ಅವರ ಹೂಂ ಎಂದರೆ ಬೆಲ್ಲದ ಧಾರಣೆಯೂ ಆಗಿರಬಹುದು, ಮಗನೂ ಆಗಿರಬಹುದು. ಕಟ್ಟೆ ಬಿಟ್ಟು ಏಳಲಿಲ್ಲ.

ಒಂದು ಮುಂಜಾನೆ ಪರಮಾನಂದ ಚೌಕಟ್ಟಿನಲ್ಲಿ ನಿಂತಿದ್ದಾಗ, ಕಿಟಕಿಯಾಚೆ ಸಂದಿಯಲ್ಲಿ ಅಪ್ಪನ ತಲೆಯ ಬಿಳಿ ರುಮಾಲು ಸರಿದುಹೋದದ್ದು ಕಂಡಿತು. ತಾನು ನಿಂತಾಗಲೂ ಅಪ್ಪ ಹಿತ್ತಲಿನಿಂದಲೇ ಹೊರಟಿದ್ದರು.

"ಟೈಮ್ ಆತ್ರಿ ಕಾಕಾರ. ಇಳೀರಿ," ಅಂದಳು ಅಕ್ಷತಾ.

"ಅಪ್ಪಾರು ಬರೂತನಕ ನಾ ಇಳ್ಯಾಂಗಿಲ್ಲ."

ಇಳಿಸುವ ಹಿಡಿಕೆ ಅವನ ಕೈಗೆ ನಿಲುಕುವಲ್ಲೇ ಇತ್ತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಕ್ಷತಾ ಮೊದಲು ನಕ್ಕಳು, ಆಮೇಲೆ ಬೈದಳು, ಆಮೇಲೆ ಬಿಪಿ ನೋಡಿ ಗಾಬರಿಯಾದಳು. "ಬಿಪಿ ಇಳ್ಯಾಕತ್ತೇತಿ. ಹುಡುಗಾಟ ಅಲ್ರಿ ಇದು!" ಅವನ ಹಣೆಯಲ್ಲಿ ಬೆವರು ಒಡೆದಿತ್ತು, ತುಟಿ ಬಿಳಿಚಿತ್ತು. ವೀರೇಶ ಬಂದು ಅಣ್ಣನ ಬೆರಳು ಬಿಡಿಸಲು ನೋಡಿದ. ಹಿರಿಯಣ್ಣನ ಕೈ ಜಗ್ಗುವುದು ಹೇಗೆಂದು ಗೊತ್ತಾಗದೆ ಕೈಬಿಟ್ಟ. ಶಿವವ್ವ ಸೆರಗು ಸಿಕ್ಕಿಸಿಕೊಂಡು ಬೀದಿಗೇ ಓಡಿದಳು. "ಬರ್ತೀರೋ ಇಲ್ಲೋ!" ಎಂದು ಅವಳು ಗಂಡನನ್ನು ಕೂಗಿದ್ದು ಓಣಿಗೆಲ್ಲ ಕೇಳಿತು.

ಅಂದಾನೆಪ್ಪನವರು ಬಂದು ಬಾಗಿಲಲ್ಲಿ ನಿಂತರು. ಎಲ್ಲರೂ ಆಗಲೇ ನಿಂತಿದ್ದರಿಂದ ಹೆಚ್ಚಿನ ಮರ್ಯಾದೆ ತೋರಿಸಲು ಯಾರಲ್ಲೂ ಏನೂ ಉಳಿದಿರಲಿಲ್ಲ.

"ನಿಂತೇನ್ರಿ ಅಪ್ಪಾರ," ಅಂದ ಪರಮಾನಂದ.

"ಕಾಣತೈತಿ."

"ಇನ್ನರ ಬರ್ರಿ ನನ್ನ ಕಡೆ. ನಿಮ್ಮ ಮುಂದ ಕುಂತು ಮಾತಾಡಾಂಗಿಲ್ಲ ನಾ."

ಮುದುಕರು ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಕುಂತದ್ದಕ್ಕ ಬರೂದು ಬಿಟ್ಟೆ ಅಂತ ಯಾರು ಹೇಳಿದ್ರು ನಿನಗ?"

"ಮತ್ಯಾಕ ಬಿಟ್ರಿ?"

"ನಾ ಬಂದ್ರ ನೀ ಏಳಾಕ ನೋಡ್ತಿದ್ದಿ. ಕುರ್ಚಿ ಮ್ಯಾಲೆ ಎರಡೂ ಕೈ ಊರಿ. ಬಂದಾಗೊಮ್ಮೆ ಏಳಾಕ ನೋಡ್ತಿದ್ದಿ. ಹೆತ್ತ ಅಪ್ಪ ಎಷ್ಟು ಸಲ ನೋಡ್ಲೋ ಅದನ್ನ?"

ಪರಮಾನಂದನಿಗೆ ಅದು ನಿಜಕ್ಕೂ ಗೊತ್ತಿರಲಿಲ್ಲ. ಕಾಲು ಮರೆತದ್ದನ್ನು ಕೈ ಮರೆತಿರಲಿಲ್ಲ. ಅವನಿಗೆ ಅಳು ಬಂತು. ಎದೆಗೆ ಬೆಲ್ಟು ಬಿಗಿದಿದ್ದರಿಂದ ಬಗ್ಗಿ ಮುಖ ಮರೆಸಿಕೊಳ್ಳಲೂ ಆಗದೆ, ಎಲ್ಲರೆದುರು ನೆಟ್ಟಗೆ ನಿಂತೇ ಅತ್ತ.

"ಕುಂಡ್ರು," ಅಂದರು ಅಂದಾನೆಪ್ಪನವರು.

"ಅಪ್ಪಾರ..."

"ಕುಂಡ್ರಲೇ! ಮೇಡಮ್ಮಾರ, ಕುಂಡ್ರಸ್ರಿ ಇವನ್ನ."

ಅಪ್ಪನ ಮಾತನ್ನು ಮೀರಿದವನಲ್ಲ, ಹಿಡಿಕೆ ಬಿಟ್ಟ. ಅಕ್ಷತಾ ಮೆಲ್ಲಗೆ ಇಳಿಸಿದಳು. ಮುಖಕ್ಕೆ ರಕ್ತ ತಿರುಗಿ ಬಂದ ಮೇಲೆ ಗಾಲಿಕುರ್ಚಿಗೆ ಸರಿಸಿದಳು. ಕೂತೊಡನೆ ಅವನ ಕೈಗಳು ಮತ್ತೆ ಕುರ್ಚಿಯ ಅಂಚನ್ನು ಒತ್ತತೊಡಗಿದವು. ಅಂದಾನೆಪ್ಪನವರು ಸ್ಟೂಲೊಂದನ್ನು ಎಳೆದುಕೊಂಡು ಮಗನ ಮೊಣಕಾಲಿಗೆ ತಮ್ಮ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಆ ಕೈಗಳ ಮೇಲೆ ತಮ್ಮ ಕೈಯಿಟ್ಟು, ಅವು ಸುಮ್ಮನಾಗುವ ತನಕ ಒತ್ತಿ ಹಿಡಿದರು.

ಅಪ್ಪ, ಮಗ ಇಬ್ಬರಿಗೂ ಕೂತು ಮಾತಾಡಿ ರೂಢಿಯಿರಲಿಲ್ಲ. ಅಂದಾನೆಪ್ಪನವರು ಮಗನ ಮುಖವನ್ನೇ ಬಹಳ ಹೊತ್ತು ನೋಡಿದರು.

"ಮೀಸಿ ಬೆಳ್ಳಗಾಗೇತಲ್ಲೋ ನಿಂದು," ಅಂದರು.

"ಯಾವಾಗೋ ಆಗೇತ್ರಿ ಅಪ್ಪಾರ."

"ನಾ ನೋಡೇ ಇರ್ಲಿಲ್ಲ."