ಕೈ ಎತ್ತದ ಪಟದ ಪುಟ್ಟಿ

ಪಟದ ಪುಟ್ಟಿಗೆ ಕಂಕುಳಿರಲಿಲ್ಲ.

ಗಾಳಿಪಟ ಹಾರಿಸುವ ಆ ಕಾರ್ಟೂನ್ ಹುಡುಗಿಯನ್ನು ಕಂಪ್ಯೂಟರಿನಲ್ಲಿ ಬರೆದವಳು ಇಂದಿರಾನಗರದ ಸಣ್ಣ ಸ್ಟುಡಿಯೋ ಒಂದರ ಶರ್ವಾಣಿ. ತೆರೆಯ ಮೇಲೆ ಪುಟ್ಟಿ ಕೈ ಎತ್ತಿದರೆ ತೋಳು ಪಕ್ಕೆಯೊಳಗೆ ತೂರಿಕೊಂಡೇ ಹೋಗುತ್ತಿತ್ತು. ಎರಡು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2004ರಲ್ಲಿ ಆಟಿಕೆ ಕಂಪನಿಯೊಂದು ಪುಟ್ಟಿಯನ್ನು ಕೈಕಾಲು ಆಡಿಸುವ ಬೊಂಬೆ ಮಾಡುತ್ತೇನೆಂದಿತು. ಷರತ್ತು ಒಂದೇ: ಕೈ ತಲೆಯ ಮೇಲಕ್ಕೆ ಹೋಗಬೇಕು. ಹೋಗದಿದ್ದರೆ ಬೊಂಬೆ ಬೇಡ.

ಮಾದರಿ ಮಾಡಲು ಒಪ್ಪಿದವರು ವಾದಿರಾಜರು. ಕಾರ್ಖಾನೆಯಲ್ಲಿ ಅಚ್ಚು, ಉಪಕರಣ ಮಾಡುವ ಟೂಲ್‌ರೂಮಿನಿಂದ ನಿವೃತ್ತರಾಗಿ, ಕೃಷ್ಣರಾಜಪುರದ ಮನೆಯ ಹಿಂದೆ ಲೇತ್ ಯಂತ್ರ ಇಟ್ಟುಕೊಂಡಿದ್ದರು.

"ಏನಮ್ಮಾ, ಈ ಮಗೂಗೆ ಕಂಕುಳೇ ಇಲ್ವಲ್ಲ. ಜ್ವರ ಬಂದ್ರೆ ಥರ್ಮಾಮೀಟರ್ ಎಲ್ಲಿಡ್ತೀರಿ?"

ಅವರೇ ಕಂಕುಳು ಕೊರೆದರು. ಭುಜಕ್ಕೆ ಗುಂಡು ಕೀಲು ಕೂರಿಸಿದರು. ಕೂದಲೆಳೆಯೂ ತೂರದಷ್ಟು ಬಿಗಿ, ಆದರೂ ಕೈ ನಯವಾಗಿ ತಿರುಗಿತು. ರವಿಕೆಯ ಗಿಡ್ಡ ತೋಳಿಗೆ ಶರ್ವಾಣಿ ಹಳದಿ ಬಳಿದು, ಮೇಲೆ ಕೆಂಪು ಹೂಗಳನ್ನು ಒಂದೊಂದಾಗಿ ಬರೆದಳು. ಮಾರನೆಯ ದಿನ ಬಲಗೈ ಎತ್ತಿ ನೋಡಿದಳು. ಟಕ್ಕೆಂದು ಕೀಲು ಮುರಿಯಿತು.

ಮತ್ತೆ ಮಾಡಿ ಬಳಿದ ಎರಡು ಕೈಗಳೂ ಹಾಗೇ ಹೋದವು. ಕಂಪನಿಯವರು ಬರಲು ಎರಡು ದಿನ ಉಳಿದಿತ್ತು.

"ನಿಮ್ಮ ಕೀಲೇ ಬಿಗಿ ಸಾರ್. ಸ್ವಲ್ಪ ಸಡಿಲ ಮಾಡಿ."

"ಸಡಿಲ ಮಾಡಿದ್ರೆ ಕೈ ಜೋತು ಬೀಳತ್ತೆ. ನೀವು ಬಳಿದಿದ್ದನ್ನ ಅಳೆದ್ರಾ?"

ವಾದಿರಾಜರು ಮೈಕ್ರೋಮೀಟರ್ ಹಚ್ಚಿದರು. ಬಣ್ಣ ಎರಡು ಕೂದಲಷ್ಟು ದಪ್ಪವಿತ್ತು. ಕೂದಲೆಳೆಯೂ ತೂರದ ಕೀಲಿನಲ್ಲಿ ಅದೇ ಸಿಕ್ಕಿಕೊಂಡು ಕೈ ಮುರಿಯುತ್ತಿತ್ತು. ಶರ್ವಾಣಿಯ ಕಂಪ್ಯೂಟರಿನಲ್ಲಿ ಬಣ್ಣಕ್ಕೆ ದಪ್ಪವೇ ಇರಲಿಲ್ಲ.

"ನಾನೂ ದಡ್ಡನೇ ಬಿಡಿ," ಅಂದರು ವಾದಿರಾಜರು. "ಫ್ಯಾಕ್ಟ್ರೀಲಿ ಬಣ್ಣ ಹೊಡಿಯೋರು ಬೇರೆ ಶೆಡ್ಡಿನೋರು. ಮೂವತ್ತೈದು ವರ್ಷ ಆ ಕಡೆ ತಲೆ ಹಾಕಿರ್ಲಿಲ್ಲ."

ಶರ್ವಾಣಿ ಮುರಿದ ಕೈಯನ್ನು ತಿರುಗಿಸಿ ನೋಡುತ್ತಿದ್ದಳು. "ಬಳಿಯೋದೇ ಬೇಡ ಸಾರ್. ರವಿಕೆ ತೋಳಿನ ಪ್ಲಾಸ್ಟಿಕ್ ಎರಕ ಹೊಯ್ಯೋವಾಗ್ಲೇ ಹಳದಿ ಬೆರೆಸ್ಬಿಟ್ರೆ?"

"ಆಗತ್ತೆ. ಹೂವು ಮಾತ್ರ ಬರಲ್ಲ."

"ಹೋಗ್ಲಿ."

ಅವಳಿಗೆ ಇಷ್ಟವಾದದ್ದು ಆ ಹೂಗಳೇ. ಆದರೂ ಹೇಳಿಬಿಟ್ಟಳು.

ಕಂಪನಿಯಿಂದ ಬಂದ ಮಧುರಾ ಬೊಂಬೆಯ ಹೊಸ ಕೈಯನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಕೊನೆಗೆ ಎತ್ತಿ ಹಾಗೇ ಬಿಟ್ಟರು. ಕೈ ಅಲ್ಲೇ ನಿಂತಿತು.

"ಆಯ್ತಲ್ಲ ರೀ. ಮಾಡೋಣ."

ಶರ್ವಾಣಿ ಸ್ಟೂಲ್ ಎಳೆದುಕೊಂಡು ಕುಳಿತಳು, ಆಮೇಲೆ ನಕ್ಕಳು. ವಾದಿರಾಜರು ಕನ್ನಡಕ ತೆಗೆದು ಒರೆಸಿದರು. "ಇನ್ನು ಜ್ವರ ಬಂದ್ರೂ ಚಿಂತೆಯಿಲ್ಲ."

ಹೋದದ್ದು ಮೂರು ಬಲಗೈ, ಹದಿನಾಲ್ಕು ಹೂವು.